ಆಡಿಟರ್ ಆಫೀಸಿನ ಕೆಲಸ, ಸಂಬಳ, ಬೆಳವಣಿಗೆ: ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಕಾಂ. ಕೊನೆಯ ವರ್ಷದವರು, ಸಿಎ (ಚಾರ್ಟರ್ಡ್ ಅಕೌಂಟೆಂಟ್) ಪರೀಕ್ಷೆಯ ನಡುವಿನ ಹಂತವಾದ ಇಂಟರ್ ಮುಗಿಸಿದವರು, ಅವರ ಅಪ್ಪ ಅಮ್ಮಂದಿರು ನನ್ನ ಹತ್ತಿರ ಕೇಳುವ ಪ್ರಶ್ನೆಗಳಿವು. ನಾನು ಚಿಕ್ಕಮಗಳೂರಿನ ಆಡಿಟರ್ ಆಫೀಸುಗಳಲ್ಲೇ ಕೆಲಸ ಕಲಿತವಳು. ಈಗ ಹೊಸಬರಿಗೆ ಕಲಿಸುವ ಜಾಗದಲ್ಲಿದ್ದೇನೆ. ಹಾಸನದ ಆಫೀಸುಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಉತ್ತರಗಳಲ್ಲಿ ಕಾನೂನಿನ ಮಾತೂ ಇದೆ, ನನ್ನ ಅಭಿಪ್ರಾಯವೂ ಇದೆ.

ಆಡಿಟರ್ ಆಫೀಸಿನಲ್ಲಿ ದಿನವಿಡೀ ಏನು ಕೆಲಸ ಇರುತ್ತೆ?

ಮೊದಲ ಆರು ತಿಂಗಳು ಹೆಚ್ಚಾಗಿ ಎಂಟ್ರಿ ಕೆಲಸ. ಪಾರ್ಟಿಗಳು, ಅಂದರೆ ಲೆಕ್ಕ ಮಾಡಿಸಲು ಬರುವ ಗ್ರಾಹಕರು, ಕವರಿನಲ್ಲಿ ತುಂಬಿ ತರುವ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಏರಿಸಬೇಕು. ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ (ಮಾರಿದವರು ತೋರಿಸಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿ) ಜೊತೆ ತಾಳೆ ನೋಡಬೇಕು. 26ಎಎಸ್, ಎಐಎಸ್ ಅನ್ನುವ ಆದಾಯ ತೆರಿಗೆ ಇಲಾಖೆಯ ಮಾಹಿತಿ ಪಟ್ಟಿಗಳನ್ನು ಇಳಿಸಿಕೊಂಡು ಯಾವ ಬಡ್ಡಿ ಬಿಟ್ಟುಹೋಗಿದೆ, ಯಾವ ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದ ತೆರಿಗೆ) ಬಂದಿಲ್ಲ ಅಂತ ಹುಡುಕಬೇಕು. ಚಲನ್ ಮಾಡಬೇಕು, ಫೈಲ್ ಜೋಡಿಸಬೇಕು. ಒಟಿಪಿ ಕೇಳಿ ಫೋನ್ ಮಾಡುವುದೂ ಒಂದು ಕೆಲಸವೇ. ಪಾರ್ಟಿ ಆಲ್ದೂರು ಕಡೆಯ ತೋಟದಲ್ಲಿದ್ದರೆ ಅವರಿಗೆ ನೆಟ್‌ವರ್ಕ್ ಸಿಗುವವರೆಗೆ ಕಾಯಬೇಕಾಗುತ್ತೆ.

ಆಮೇಲೆ ಬ್ಯಾಲೆನ್ಸ್ ಶೀಟ್ ಫೈನಲೈಸ್ ಮಾಡುವುದು, ಆಡಿಟ್‌ಗೆ ಹೋಗುವುದು, ನೋಟಿಸಿಗೆ ಉತ್ತರ ಬರೆಯುವುದು. ಆ ಹಂತಕ್ಕೆ ಎಷ್ಟು ಬೇಗ ಹೋಗುತ್ತೀರಿ ಅನ್ನುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಚಿಕ್ಕಮಗಳೂರಿನಲ್ಲಿ ಕಲಿಯಲಿಕ್ಕೆ ಏನಿದೆ? ಬೆಂಗಳೂರಿಗೇ ಹೋಗಬೇಕಲ್ವಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತೆ. ಇಲ್ಲಿ ಇರುವುದನ್ನು ನೋಡದೆಯೇ ಬಸ್ಸು ಹತ್ತುವವರು ಜಾಸ್ತಿ.

ಕಾಫಿಯನ್ನೇ ತಗೊಳ್ಳಿ. ಬೆಳೆಗಾರರು ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದ ಮಾಡುವುದು) ಮಾಡದೆ ಚೆರ್ರಿ (ಹಾಗೇ ಒಣಗಿಸಿದ ಹಣ್ಣು) ಅಥವಾ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಆಗಿಯೇ ಮಾರಿದರೆ ಪೂರ್ತಿ ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ ಮಾಡಿ ಮಾರಿದರೆ 25% ವ್ಯವಹಾರದ ಆದಾಯ ಅಂತ ಲೆಕ್ಕ, ಅದಕ್ಕೆ ತೆರಿಗೆ ಇದೆ. ಹುರಿದು ಪುಡಿ ಮಾಡಿ ಮಾರಿದರೆ ಅದು 40% ಆಗುತ್ತೆ. 1962ರ ಹಳೆಯ ಆದಾಯ ತೆರಿಗೆ ನಿಯಮಗಳಲ್ಲಿ ಇದು 7ಬಿ ನಿಯಮ. ಒಬ್ಬರೇ ಬೆಳೆಗಾರರು ಒಂದೇ ವರ್ಷದಲ್ಲಿ ಸ್ವಲ್ಪ ಚೆರ್ರಿ ಮಾರುತ್ತಾರೆ, ಸ್ವಲ್ಪ ಕ್ಯೂರಿಂಗ್ ಮಾಡಿಸುತ್ತಾರೆ, ಮಗಳು ಹೋಂಸ್ಟೇಯಲ್ಲಿ ಕಾಫಿಪುಡಿ ಪ್ಯಾಕೆಟ್ ಮಾರುತ್ತಾಳೆ. ಗೊಬ್ಬರದ ಖರ್ಚು, ಬಟವಾಡೆ ಎಲ್ಲವನ್ನೂ ಸರಿಯಾಗಿ ಹಂಚಬೇಕು. ತೋಟದ ರೈಟರ್ (ಗುಮಾಸ್ತ) ಬರೆದ ಚೆಕ್‌ರೋಲ್ (ಕೆಲಸದವರ ಹಾಜರಿ, ಕೂಲಿಯ ಪಟ್ಟಿ) ಓದಲು ಬರಬೇಕು. ದೊಡ್ಡ ಊರಿನಲ್ಲಿ ಓದಿದ ಎಷ್ಟೋ ಜನಕ್ಕೆ ಇದರ ಹತ್ತಿರ ಹೋಗುವ ಅವಕಾಶವೇ ಸಿಗುವುದಿಲ್ಲ.

ಜಿಎಸ್‌ಟಿಯಲ್ಲೂ ಹಾಗೇ. ಹುರಿಯದ ಕಾಫಿ ಬೀಜಕ್ಕೆ ತೆರಿಗೆ ಇಲ್ಲ, ಹುರಿದದ್ದಕ್ಕೆ ಇದೆ. ಒಣಗಿಸಿದ ಕಾಳುಮೆಣಸು ಮಾರುವ ಬೆಳೆಗಾರರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾ ಅನ್ನುವ ಗೊಂದಲ ವರ್ಷಗಟ್ಟಲೆ ಇತ್ತು. 2024ರ ಡಿಸೆಂಬರ್‌ನಲ್ಲಿ ನಡೆದ 55ನೇ ಜಿಎಸ್‌ಟಿ ಕೌನ್ಸಿಲ್ ಸಭೆ ಇದನ್ನು ಬಗೆಹರಿಸಿತು. ಕೃಷಿಕರೇ ಮಾರಿದರೆ ಹಸಿ ಮೆಣಸಿಗೂ ಇಲ್ಲ, ಒಣ ಮೆಣಸಿಗೂ ಇಲ್ಲ. ಇಂಥ ಒಂದು ಸ್ಪಷ್ಟನೆ ಬಂದ ದಿನ ನಮ್ಮ ಆಫೀಸುಗಳ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತೆ. ಬೆಂಗಳೂರಿನವರಿಗೆ ಅದು ಪೇಪರಿನ ಒಂದು ಸಾಲು ಅಷ್ಟೇ.

ಇದರ ಜೊತೆಗೆ ಮುಳ್ಳಯ್ಯನಗಿರಿ ಕಡೆಯ ಹೋಂಸ್ಟೇಗಳು, ಕಡೂರು ತರೀಕೆರೆಯ ಅಡಿಕೆ ತೆಂಗಿನ ವ್ಯಾಪಾರಿಗಳು, ಹಾಲಿನ ಸೊಸೈಟಿಗಳು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ಟ್ರಸ್ಟುಗಳು, ಗುತ್ತಿಗೆದಾರರು. ಹಾಸನದಲ್ಲಾದರೆ ಕೈಗಾರಿಕಾ ಪ್ರದೇಶದ ಘಟಕಗಳು, ಆಲೂಗಡ್ಡೆ ವ್ಯಾಪಾರ. ಒಂದೇ ಮೇಜಿನ ಮೇಲೆ ಇಷ್ಟು ಬಗೆಯ ಫೈಲ್ ಬರುತ್ತೆ.

ಇಲ್ಲಿ ಸಿಗದೇ ಇರುವುದೂ ಇದೆ, ಅದನ್ನೂ ಹೇಳಬೇಕು. ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳ ಆಡಿಟ್, ಹೊರದೇಶದ ವ್ಯವಹಾರದ ತೆರಿಗೆ, ಇಂಡ್-ಎಎಸ್ (ದೊಡ್ಡ ಕಂಪನಿಗಳ ಲೆಕ್ಕಪತ್ರ ಮಾನದಂಡ) ಪ್ರಕಾರ ಲೆಕ್ಕಪತ್ರ ತಯಾರಿಸುವುದು ಇಲ್ಲಿ ಅಪರೂಪ. ನಿಮ್ಮ ಮನಸ್ಸು ಅದರಲ್ಲೇ ಇದ್ದರೆ ಬೆಂಗಳೂರಿಗೆ ಹೋಗಿ. ಬರೀ ಹೆಸರಿಗಾಗಿ ಹೋಗಬೇಡಿ.

ಕೆಲಸದ ಸಮಯ ಎಷ್ಟು ಹೊತ್ತು?

ಸಾಮಾನ್ಯ ದಿನಗಳಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಆರೂವರೆ. ಶನಿವಾರವೂ ಆಫೀಸ್ ಇರುತ್ತೆ, ಭಾನುವಾರ ರಜೆ. ಆದರೆ ಈ ಕೆಲಸಕ್ಕೆ ಅದರದ್ದೇ ಪಂಚಾಂಗ ಇದೆ. ಅದನ್ನು ತಿಳಿದುಕೊಂಡು ಸೇರಿ.

ಪ್ರತಿ ತಿಂಗಳು 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 15ಕ್ಕೆ ಪಿಎಫ್ ಮತ್ತು ಇಎಸ್‌ಐ (ನೌಕರರ ಆರೋಗ್ಯ ವಿಮೆ), 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್). ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಚಿಕ್ಕ ವ್ಯಾಪಾರಿಗಳಿದ್ದರೆ ಕರ್ನಾಟಕಕ್ಕೆ 22. ಹಾಗಾಗಿ ತಿಂಗಳ ಎರಡನೇ ಮತ್ತು ಮೂರನೇ ವಾರ ಬಿಗಿ, ಕೊನೆಯ ವಾರ ಸ್ವಲ್ಪ ಉಸಿರು. ವರ್ಷದ ಲೆಕ್ಕದಲ್ಲಿ ಸಂಬಳದವರ ರಿಟರ್ನ್‌ಗೆ ಜುಲೈ 31, ಟ್ಯಾಕ್ಸ್ ಆಡಿಟ್ ವರದಿಗೆ ಸೆಪ್ಟೆಂಬರ್ 30, ಆಡಿಟ್ ಇರುವವರ ರಿಟರ್ನ್‌ಗೆ ಅಕ್ಟೋಬರ್ 31, ಜಿಎಸ್‌ಟಿ ವಾರ್ಷಿಕ ರಿಟರ್ನ್‌ಗೆ ಡಿಸೆಂಬರ್ 31. ಈ ತಾರೀಖುಗಳ ಹಿಂದಿನ ಎರಡು ವಾರ ರಾತ್ರಿ ಒಂಬತ್ತು, ಹತ್ತು ಆಗುವುದುಂಟು. ಸರ್ಕಾರ ಕೊನೆಯ ಗಳಿಗೆಯಲ್ಲಿ ತಾರೀಖು ಮುಂದೆ ಹಾಕುವುದೂ ಉಂಟು. 2025ರಲ್ಲಿ ಜುಲೈ 31 ಇದ್ದದ್ದು ಸೆಪ್ಟೆಂಬರ್ 15 ಆಯ್ತು, ಪೋರ್ಟಲ್ ಕೈಕೊಟ್ಟಿದ್ದರಿಂದ ಮತ್ತೆ ಒಂದು ದಿನ ಸೇರಿತು. ಮುಂದೆ ಹೋಗುತ್ತೆ ಅಂತ ನಂಬಿ ಕೂತ ಆಫೀಸುಗಳಲ್ಲಿ ಹುಡುಗರ ನಿದ್ದೆ ಹಾಳಾಗುತ್ತೆ.

ಮಲೆನಾಡಿನ ಇನ್ನೊಂದು ಕಷ್ಟ ಮಳೆ. ಜುಲೈ ಅಂದರೆ ರಿಟರ್ನ್ ಕಾಲ, ಅದೇ ಕಾಲಕ್ಕೆ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮರ ಬಿದ್ದು ಕರೆಂಟ್ ಹೋಗುತ್ತೆ. ಪಾರ್ಟಿ ಕಾಗದ ತರಲು ಆಗುವುದಿಲ್ಲ. ಕರೆಂಟ್ ಇಲ್ಲದೆ ಕಳೆದ ಹಗಲನ್ನು ರಾತ್ರಿ ತುಂಬಿಸಬೇಕಾಗುತ್ತೆ. ಸೇರುವ ಮೊದಲು ಆಫೀಸಿನಲ್ಲಿ ಇನ್ವರ್ಟರ್ ಮತ್ತು ಎರಡನೇ ಇಂಟರ್ನೆಟ್ ಸಂಪರ್ಕ ಇದೆಯಾ ನೋಡಿ. ಸಣ್ಣ ವಿಷಯ ಅನ್ನಿಸಬಹುದು. ನೀವು ಎಷ್ಟು ಗಂಟೆಗೆ ಮನೆಗೆ ಹೋಗುತ್ತೀರಿ ಅನ್ನುವುದು ಅದರ ಮೇಲೇ ನಿಂತಿದೆ.

ಹಬ್ಬದ ರಜೆ ಸಿಗುತ್ತಾ?

ಯುಗಾದಿ, ಗೌರಿ ಗಣೇಶ, ದಸರಾ, ದೀಪಾವಳಿಗೆ ಸಿಗುತ್ತೆ. ಆದರೆ ದಸರಾ ದೀಪಾವಳಿ ಎರಡೂ ಆಡಿಟ್ ತಿಂಗಳಲ್ಲಿ ಬರುತ್ತವೆ, ಉದ್ದ ರಜೆ ಕಷ್ಟ. ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವುದೂ ಆಗಲೇ. ಒಳ್ಳೆ ಆಫೀಸುಗಳಲ್ಲಿ ಸರದಿ ಹಾಕಿಕೊಂಡು ಎಲ್ಲರಿಗೂ ಬಿಡುವು ಕೊಡುತ್ತಾರೆ. ಊರಿಗೆ ಹೋಗಲೇಬೇಕಾದರೆ ಆಗಸ್ಟ್‌ನಲ್ಲೇ ಹೇಳಿಬಿಡಿ.

ಸಂಬಳ ಎಷ್ಟು ಕೊಡುತ್ತಾರೆ?

ಬಿ.ಕಾಂ. ಮುಗಿಸಿ ಹೊಸದಾಗಿ ಸೇರುವವರಿಗೆ ಇಲ್ಲಿ ಸಂಬಳ ಕಡಿಮೆ. ಇದನ್ನು ಬಣ್ಣ ಹಚ್ಚಿ ಹೇಳಲಾರೆ. ಕರ್ನಾಟಕದಲ್ಲಿ ತಿಂಗಳ ಸಂಬಳ ₹25,000 ಮುಟ್ಟಿದರೆ ₹200 ವೃತ್ತಿ ತೆರಿಗೆ ಹಿಡಿಯುತ್ತಾರೆ. ನಮ್ಮ ಊರಿನ ಆಫೀಸುಗಳಲ್ಲಿ ಆ ಗೆರೆ ಮುಟ್ಟಲು ಹೊಸಬರಿಗೆ ಕೆಲವು ವರ್ಷಗಳೇ ಬೇಕಾಗುತ್ತವೆ. ಮನೆ ಇಲ್ಲೇ ಇದ್ದರೆ ಬಾಡಿಗೆ, ಊಟದ ಖರ್ಚು ಉಳಿಯುತ್ತೆ, ಅದು ನಿಜ. ಆದರೆ ಆ ಉಳಿತಾಯ ನಿಮ್ಮದು. ಅದನ್ನು ತೋರಿಸಿ ಸಂಬಳ ಕಡಿಮೆ ಮಾಡುವ ಮಾತನ್ನು ಒಪ್ಪಿಕೊಳ್ಳಬೇಡಿ.

ಸಂಬಳದ ಮೊತ್ತಕ್ಕಿಂತ ಹೆಚ್ಚಿಗೆ ಕೇಳಬೇಕಾದ್ದು ಇನ್ನೊಂದಿದೆ: ಯಾವಾಗ, ಯಾವ ಆಧಾರದ ಮೇಲೆ ಏರಿಸುತ್ತೀರಿ? "ನೋಡೋಣ, ಕೆಲಸ ನೋಡ್ಕೊಂಡು ಮಾಡೋಣ" ಅಂದರೆ ಅದು ಉತ್ತರವಲ್ಲ. "ಸ್ವತಂತ್ರವಾಗಿ ಜಿಎಸ್‌ಟಿ ಫೈಲ್ ನೋಡಿಕೊಳ್ಳಲು ಬಂದಾಗ ಇಷ್ಟು, ಬ್ಯಾಲೆನ್ಸ್ ಶೀಟ್ ಫೈನಲೈಸ್ ಮಾಡಲು ಬಂದಾಗ ಇಷ್ಟು" ಅಂದರೆ ಅದು ಉತ್ತರ.

ಪಿಎಫ್, ಇಎಸ್‌ಐ ಇರುತ್ತಾ?

ಕಾನೂನಿನ ಪ್ರಕಾರ 20 ಜನ ಇರುವ ಸಂಸ್ಥೆಗೆ ಪಿಎಫ್ ಕಡ್ಡಾಯ, 10 ಜನ ಇದ್ದರೆ ಇಎಸ್‌ಐ. ಇಎಸ್‌ಐ ₹21,000ದವರೆಗಿನ ಸಂಬಳಕ್ಕೆ. ಇಲ್ಲಿನ ಎಷ್ಟೋ ಆಫೀಸುಗಳಲ್ಲಿ ಐದಾರು ಜನ ಮಾತ್ರ ಇರುವುದರಿಂದ ಎರಡೂ ಅನ್ವಯಿಸುವುದಿಲ್ಲ. ಊರಿಗೆಲ್ಲ ಪಿಎಫ್ ಚಲನ್ ಮಾಡಿಕೊಡುವ ಹುಡುಗಿಗೆ ತನ್ನದೇ ಪಿಎಫ್ ಖಾತೆ ಇರುವುದಿಲ್ಲ. ಇದು ನನಗೆ ನೋವಿನ ವಿಷಯ. ಕಾನೂನು ಹೇಳದಿದ್ದರೂ ಆಫೀಸು ಸ್ವಂತ ಇಚ್ಛೆಯಿಂದ ಪಿಎಫ್‌ಗೆ ಸೇರಬಹುದು, ಆ ದಾರಿ ಇದೆ. ಇಲ್ಲವಾದರೆ ಎಲ್ಲರಿಗೂ ಸೇರಿ ಒಂದು ಗುಂಪು ಆರೋಗ್ಯ ವಿಮೆಯನ್ನಾದರೂ ಮಾಡಿಸಲಿ. ಎರಡೂ ಇಲ್ಲದ ಕಡೆ ಕೆಲಸ ಮಾಡುವವರು ಮೊದಲ ತಿಂಗಳಿನಿಂದಲೇ ಪಿಪಿಎಫ್ ಖಾತೆ ತೆರೆದು ಕೈಲಾದಷ್ಟು ಹಾಕುತ್ತಾ ಹೋಗಿ.

ನೇಮಕಾತಿ ಪತ್ರ ಖಂಡಿತ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ನೇಮಕಾತಿ ಪತ್ರಕ್ಕೆ ಒತ್ತು ಕೊಟ್ಟಿದ್ದಾರೆ. ಆಫೀಸು ಚಿಕ್ಕದಾಗಿದ್ದರೂ ಒಂದು ಪುಟದ ಪತ್ರ ಬರೆದುಕೊಡಲು ಯಾರಿಗೂ ಖರ್ಚಿಲ್ಲ. ಸಂಬಳ ಬ್ಯಾಂಕ್ ಖಾತೆಗೇ ಬರಲಿ. ಮುಂದೆ ಸಾಲಕ್ಕೆ, ಬೇರೆ ಕೆಲಸಕ್ಕೆ ಅದೇ ದಾಖಲೆ.

ಆರ್ಟಿಕಲ್‌ಶಿಪ್‌ಗೆ ಇಲ್ಲೇ ಸೇರಬಹುದಾ?

ಸೇರಬಹುದು. ಆರ್ಟಿಕಲ್‌ಶಿಪ್ ಅಂದರೆ ಸಿಎ ಓದುವವರು ಆಡಿಟರ್ ಹತ್ತಿರ ಮಾಡಲೇಬೇಕಾದ ತರಬೇತಿ. ಈಗಿನ ನಿಯಮ ಮೊದಲು ತಿಳಿದುಕೊಳ್ಳಿ, ಯಾಕೆಂದರೆ ಸೀನಿಯರ್‌ಗಳು ತಮ್ಮ ಕಾಲದ ನಿಯಮ ಹೇಳುತ್ತಾರೆ. 2023ರ ಜುಲೈನಲ್ಲಿ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಇಂಟರ್‌ನ ಎರಡೂ ಗ್ರೂಪ್ (ವಿಷಯಗಳ ಗುಂಪು) ಪಾಸಾಗಿರಬೇಕು, ಐಸಿಐಟಿಎಸ್‌ಎಸ್ ಅನ್ನುವ ಕಂಪ್ಯೂಟರ್ ಮತ್ತು ಓರಿಯಂಟೇಷನ್ ತರಬೇತಿ ಮುಗಿದಿರಬೇಕು. ಇಲ್ಲಿನವರು ಆ ತರಬೇತಿಗೆ ಸಾಮಾನ್ಯವಾಗಿ ಐಸಿಎಐನ (ಸಿಎಗಳ ರಾಷ್ಟ್ರೀಯ ಸಂಸ್ಥೆ) ಮಂಗಳೂರು ಅಥವಾ ಮೈಸೂರು ಶಾಖೆಗೆ ಹೋಗುತ್ತಾರೆ. ಆರ್ಟಿಕಲ್‌ಶಿಪ್ ಮುಗಿದು ಆರು ತಿಂಗಳಾದ ಮೇಲೆ ಫೈನಲ್ ಬರೆಯಬಹುದು. ಆ ಆರು ತಿಂಗಳು ಸ್ಟೈಪೆಂಡ್ ಇರುವುದಿಲ್ಲ, ಬರೀ ಓದು. ಮನೆಯಲ್ಲಿ ಈ ಲೆಕ್ಕವನ್ನು ಮೊದಲೇ ಕೂತು ಮಾತಾಡಿ.

ಸ್ಟೈಪೆಂಡ್ ವಿಷಯಕ್ಕೆ ಬಂದರೆ, ಐಸಿಎಐ ಊರಿನ ಜನಸಂಖ್ಯೆ ನೋಡಿ ಕನಿಷ್ಠ ಮೊತ್ತ ಗೊತ್ತು ಮಾಡುತ್ತೆ. 20 ಲಕ್ಷಕ್ಕೆ ಮೇಲ್ಪಟ್ಟ ಊರು, 4 ಲಕ್ಷದಿಂದ 20 ಲಕ್ಷದ ಊರು, 4 ಲಕ್ಷಕ್ಕಿಂತ ಚಿಕ್ಕ ಊರು ಅಂತ ಮೂರು ಸಾಲು. ಚಿಕ್ಕಮಗಳೂರು, ಹಾಸನ ಎರಡೂ ಕೊನೆಯ ಸಾಲಿನಲ್ಲಿವೆ. ಅದು ಕನಿಷ್ಠ ಮೊತ್ತ ಮಾತ್ರ, ಅದಕ್ಕಿಂತ ಜಾಸ್ತಿ ಕೊಡಬಾರದು ಅಂತ ಎಲ್ಲೂ ಇಲ್ಲ. ಚೆನ್ನಾಗಿ ಕೆಲಸ ಮಾಡುವವರಿಗೆ ಜಾಸ್ತಿ ಕೊಡುವ ಆಡಿಟರ್‌ಗಳು ಇಲ್ಲೂ ಇದ್ದಾರೆ, ಕೇಳಲು ಸಂಕೋಚ ಬೇಡ.

ನಿಯಮದ ಪ್ರಕಾರ ಆರ್ಟಿಕಲ್‌ಗಳ ಕೆಲಸದ ಅವಧಿ ವಾರಕ್ಕೆ 35 ಗಂಟೆ. ಕಾಲೇಜಿನ ತರಗತಿ ಆಫೀಸಿನ ಸಮಯಕ್ಕೆ ಅಡ್ಡ ಬರಬಾರದು. ಬೇರೆ ಕೋರ್ಸ್ ಓದುತ್ತಿದ್ದರೆ ಫಾರ್ಮ್ 112 ಸಲ್ಲಿಸಿ ಅನುಮತಿ ಪಡೆಯಬೇಕು. ಕೆಲವರು ಹೆಸರಿಗೆ ಮಾತ್ರ ಎಲ್ಲೋ ಸೇರಿ, ಆಫೀಸಿಗೇ ಹೋಗದೆ ಬೆಂಗಳೂರಿನ ಕೋಚಿಂಗ್‌ನಲ್ಲಿ ಕೂರುತ್ತಾರೆ. ಅದು ನಿಯಮಕ್ಕೆ ವಿರುದ್ಧ. ಜೊತೆಗೆ ಎರಡು ವರ್ಷ ಕಳೆದರೂ ಒಂದು ಲೆಡ್ಜರ್ ಸ್ಕ್ರೂಟಿನಿ (ಖಾತೆಯ ಎಂಟ್ರಿಗಳ ಪರಿಶೀಲನೆ) ಮಾಡಲು ಬಾರದ ಸಿಎ ಆಗಿ ಹೊರಬರುತ್ತೀರಿ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಕೊನೆಯ ವರ್ಷದಲ್ಲಿ 9ರಿಂದ 12 ತಿಂಗಳು ಕಂಪನಿಯೊಂದರಲ್ಲಿ ಇಂಡಸ್ಟ್ರಿಯಲ್ ಟ್ರೈನಿಂಗ್ ಮಾಡುವ ಅವಕಾಶವೂ ಇದೆ. ಊರಿನಲ್ಲಿ ಒಂದು ವರ್ಷ, ಬೆಂಗಳೂರಿನ ಕಂಪನಿಯಲ್ಲಿ ಒಂದು ವರ್ಷ ಮಾಡಿದರೆ ಎರಡು ಬಗೆಯ ಕೆಲಸವೂ ತಿಳಿಯುತ್ತೆ. ಇಲ್ಲಿನ ಮಕ್ಕಳಿಗೆ ಇದು ತುಂಬ ಒಳ್ಳೆಯ ಜೋಡಣೆ ಅಂತ ನನ್ನ ನಂಬಿಕೆ. ಯಾಕೋ ಕೇಳುವವರೇ ಕಡಿಮೆ.

ಬರೀ ಜೆರಾಕ್ಸ್, ಬ್ಯಾಂಕ್ ಓಡಾಟ ಮಾಡಿಸುತ್ತಾರೆ. ಏನು ಮಾಡಲಿ?

ಮೊದಲ ಎರಡು ತಿಂಗಳು ಮಾಡಿ, ತಪ್ಪಿಲ್ಲ. ಬ್ಯಾಂಕು, ಸಬ್ ರಿಜಿಸ್ಟ್ರಾರ್ ಆಫೀಸು, ತೆರಿಗೆ ಇಲಾಖೆ ಹೇಗೆ ನಡೆಯುತ್ತವೆ ಅಂತ ನೋಡಿದ್ದು ಮುಂದೆ ಉಪಯೋಗಕ್ಕೆ ಬರುತ್ತೆ. ಮೂರನೇ ತಿಂಗಳೂ ಅದೇ ಆದರೆ ಬಾಯಿಬಿಟ್ಟು ಕೇಳಬೇಕು. "ಸರ್, ಬೇರೆ ಕೆಲಸ ಕೊಡಿ" ಅಂತ ಸುಮ್ನೆ ಕೇಳಿದರೆ ಪ್ರಯೋಜನ ಕಡಿಮೆ. "ಸರ್, ಈ ಹಾರ್ಡ್‌ವೇರ್ ಅಂಗಡಿ ಫೈಲನ್ನು ಈ ವರ್ಷ ಮೊದಲಿಂದ ಕೊನೆವರೆಗೆ ನಾನು ಮಾಡ್ತೀನಿ, ನೀವು ಕೊನೆಗೆ ನೋಡಿ" ಅಂತ ಕೇಳಿ. ಹೆಸರು ಹಿಡಿದು ಒಂದು ಫೈಲ್ ಕೇಳಿದರೆ ಇಲ್ಲ ಅನ್ನುವುದು ಕಷ್ಟ.

ಆರ್ಟಿಕಲ್‌ಗಳು ಈ ಮಾತನ್ನು ಬೇಗ ಆಡಬೇಕು. ಮೊದಲ ವರ್ಷ ಕಳೆದ ಮೇಲೆ ಬೇರೆ ಆಫೀಸಿಗೆ ಬದಲಾಗಲು ಐಸಿಎಐ ಒಪ್ಪುವ ನಿರ್ದಿಷ್ಟ ಕಾರಣಗಳು ಬೇಕಾಗುತ್ತವೆ.

ಬೆಳವಣಿಗೆ ಅಂದರೆ ಏನು? ಐದು ವರ್ಷ ಆದರೂ ಅದೇ ಕುರ್ಚಿಯಲ್ಲಿ ಇದ್ದೇನೆ.

ಈ ಪ್ರಶ್ನೆಗೆ ಸ್ವಲ್ಪ ಉದ್ದ ಹೇಳಬೇಕು.

ನಮ್ಮ ಆಫೀಸುಗಳಲ್ಲಿ ಹುದ್ದೆಗಳ ಏಣಿ ಇಲ್ಲ. ಜೂನಿಯರ್, ಸೀನಿಯರ್, ಮ್ಯಾನೇಜರ್ ಅಂತ ಬೋರ್ಡ್ ಹಾಕುವುದಿಲ್ಲ. ಮೇಲೆ ಆಡಿಟರ್ ಇರುತ್ತಾರೆ, ಕೆಳಗೆ ಎಲ್ಲರೂ ಸ್ಟಾಫ್. ಹಾಗಾಗಿ ಬೆಳವಣಿಗೆ ಹೊರಗೆ ಕಾಣುವುದಿಲ್ಲ. ಅದು ನಿಮ್ಮ ಕೈಯಲ್ಲಿರುವ ಕೆಲಸದಲ್ಲಿ ಕಾಣಬೇಕು.

ನಾನು ನೋಡಿದ ಹಾಗೆ ಸಿಕ್ಕಿಕೊಳ್ಳುವವರು ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಜಿಎಸ್‌ಟಿ ಕೆಲಸ ಚೆನ್ನಾಗಿ ಬರುತ್ತೆ ಅಂತ ನೂರಾರು ಜಿಎಸ್‌ಟಿ ಫೈಲ್ ಅವರ ತಲೆಗೆ ಬೀಳುತ್ತೆ. ಪ್ರತಿ ತಿಂಗಳು 11, 20, ಮತ್ತೆ 11, 20. ಅವರು ತುಂಬ ಚುರುಕು, ಆಫೀಸಿಗೆ ಅವರಿಲ್ಲದೆ ಆಗುವುದೇ ಇಲ್ಲ. ಅದೇ ಕಾರಣಕ್ಕೆ ಅವರನ್ನು ಅಲ್ಲಿಂದ ಯಾರೂ ಎಬ್ಬಿಸುವುದಿಲ್ಲ. ಐದು ವರ್ಷ ಆದರೂ ಅವರಿಗೆ ಒಂದು ಬ್ಯಾಲೆನ್ಸ್ ಶೀಟ್ ಪೂರ್ತಿ ಕಟ್ಟಿ ಗೊತ್ತಿರುವುದಿಲ್ಲ. ಒಂದೇ ಕೆಲಸದ ಐದು ವರ್ಷಕ್ಕೆ ಹೊರಗಿನ ಮಾರುಕಟ್ಟೆ ಒಂದು ವರ್ಷದ ಬೆಲೆ ಕೊಡುತ್ತೆ.

ಹೊರಬರುವ ದಾರಿ ಒಂದೇ. ಒಬ್ಬ ಪಾರ್ಟಿಯ ಇಡೀ ಲೆಕ್ಕ ನಿಮ್ಮ ಕೈಗೆ ಬರಬೇಕು. ಅವರ ಟ್ಯಾಲಿ, ಜಿಎಸ್‌ಟಿ, ಟಿಡಿಎಸ್, ಜೂನ್ 15ರಿಂದ ಶುರುವಾಗುವ ನಾಲ್ಕು ಮುಂಗಡ ತೆರಿಗೆ ಕಂತು, ಬ್ಯಾಲೆನ್ಸ್ ಶೀಟ್, ರಿಟರ್ನ್, ನೋಟಿಸ್ ಬಂದರೆ ಅದರ ಉತ್ತರ, ಬ್ಯಾಂಕಿನವರು ಸಾಲಕ್ಕೆ ಕೇಳುವ ಸಿಎಂಎ ಡೇಟಾ (ಹಿಂದಿನ ವರ್ಷಗಳ ಲೆಕ್ಕ, ಮುಂದಿನ ವರ್ಷಗಳ ಅಂದಾಜು). ಹೀಗೆ ಎಲ್ಲವೂ. ಆಗ ಒಂದು ಎಂಟ್ರಿ ತಪ್ಪಾದರೆ ಅದು ಎಲ್ಲೆಲ್ಲಿ ಹೋಗಿ ತಾಗುತ್ತೆ ಅಂತ ಗೊತ್ತಾಗುತ್ತೆ. ಜಿಎಸ್‌ಟಿಯಲ್ಲಿ ತೋರಿಸಿದ ಮಾರಾಟ, ಬ್ಯಾಲೆನ್ಸ್ ಶೀಟಿನ ಮಾರಾಟ, ಎಐಎಸ್‌ನಲ್ಲಿ ಕಾಣುವ ಮಾರಾಟ ಮೂರೂ ಬೇರೆ ಬೇರೆ ಇದ್ದಾಗ ಯಾಕೆ ಅಂತ ಹೇಳಬಲ್ಲವರೇ ಈ ಕೆಲಸದಲ್ಲಿ ಬೆಳೆದವರು.

ವರ್ಷಕ್ಕೆ ಒಂದು ಹೊಸ ಬಗೆಯ ಫೈಲ್ ಕೇಳಿ. ಈ ವರ್ಷ ಅಂಗಡಿ, ಮುಂದಿನ ವರ್ಷ ಪಾಲುದಾರಿಕೆ ಸಂಸ್ಥೆ, ಆಮೇಲೆ ತೋಟ, ಸೊಸೈಟಿ ಆಡಿಟ್, ಟ್ರಸ್ಟ್, ಪ್ರೈವೇಟ್ ಲಿಮಿಟೆಡ್. ಪಾರ್ಟಿ ಬಂದಾಗ ಆಡಿಟರ್ ಪಕ್ಕದಲ್ಲಿ ಕೂತು ಮಾತು ಕೇಳಲು ಅನುಮತಿ ತಗೊಳ್ಳಿ. ಯಾವ ಬಗೆಯ ಕೆಲಸ, ಯಾವ ಸಮಸ್ಯೆ ಬಂತು, ಹೇಗೆ ಬಗೆಹರಿಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಾರ್ಟಿಗಳ ಹೆಸರು, ಅಂಕಿ ಬೇಡ, ಅದು ಅವರ ಗುಟ್ಟು. ಮುಂದೆ ಸಂಬಳ ಕೇಳುವಾಗ, ಇನ್ನೊಂದು ಕಡೆ ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ ನಿಮ್ಮ ಪರವಾಗಿ ಮಾತಾಡುತ್ತೆ.

ಆಡಿಟರ್‌ಗಳಿಗೂ ಒಂದು ಮಾತು. ಚೆನ್ನಾಗಿ ಕೆಲಸ ಮಾಡುವ ಹುಡುಗನನ್ನು ಅದೇ ಜಾಗದಲ್ಲಿ ಕಟ್ಟಿಹಾಕಿದರೆ ಅವನು ಒಂದು ದಿನ ಹೇಳದೆ ಕೇಳದೆ ಹೊರಟುಬಿಡುತ್ತಾನೆ. ಅವನ ಜೊತೆ ಐದು ವರ್ಷದ ತಿಳಿವಳಿಕೆಯೂ ಹೋಗುತ್ತೆ.

ಸಿಎ ಪಾಸಾಗದಿದ್ದರೆ ಮುಂದೇನು?

ಸಿಎ ಕಷ್ಟದ ಪರೀಕ್ಷೆ. ಪ್ರತಿ ವಿಷಯಕ್ಕೂ 40, ಒಟ್ಟು 50% ಬರಬೇಕು. ಒಂದು ಅಂಕದಲ್ಲಿ ಇಡೀ ಗ್ರೂಪ್ ಹೋದವರನ್ನು ನಾನು ಕಂಡಿದ್ದೇನೆ. ಅವರ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಪಾಸಾಗದಿದ್ದರೆ ಬದುಕು ಮುಗಿಯಿತು ಅಂತ ಮನೆಯವರು ಅಂದುಕೊಳ್ಳಬೇಡಿ.

ಇಂಟರ್ ಮುಗಿಸಿ ಆರ್ಟಿಕಲ್‌ಶಿಪ್ ಮಾಡಿದವರಿಗೆ ಕಂಪನಿಗಳ ಅಕೌಂಟ್ಸ್ ವಿಭಾಗದಲ್ಲಿ ಬೇಡಿಕೆ ಇದೆ. ವಾಣಿಜ್ಯ ಪದವೀಧರರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಹೆಸರು ನೋಂದಾಯಿಸಿ, ನಾಸಿನ್ (ಕೇಂದ್ರದ ಪರೋಕ್ಷ ತೆರಿಗೆ ತರಬೇತಿ ಸಂಸ್ಥೆ) ನಡೆಸುವ ಪರೀಕ್ಷೆ ಪಾಸಾಗಿ ಸ್ವಂತ ಕೆಲಸ ಶುರು ಮಾಡಬಹುದು. ಸಿಎಂಎ (ಕಾಸ್ಟ್ ಅಕೌಂಟೆಂಟ್) ಕೋರ್ಸ್ ಇದೆ, ಸಿಎಸ್ (ಕಂಪನಿ ಸೆಕ್ರೆಟರಿ) ಕೋರ್ಸ್ ಇದೆ. ದೊಡ್ಡ ತೋಟಗಳು, ಕ್ಯೂರಿಂಗ್ ವರ್ಕ್ಸ್, ರೆಸಾರ್ಟ್‌ಗಳಿಗೆ ನಂಬಿಕಸ್ತ ಅಕೌಂಟೆಂಟ್ ಬೇಕೇ ಬೇಕು. ಹಲವರು ಸಹಕಾರ ಸಂಘಗಳಿಗೆ, ಬ್ಯಾಂಕ್ ಪರೀಕ್ಷೆಗಳಿಗೆ, ಸರ್ಕಾರದ ಲೆಕ್ಕಪತ್ರ ಇಲಾಖೆಯ ಹುದ್ದೆಗಳಿಗೂ ಹೋಗಿದ್ದಾರೆ. ಮನೆಯಿಂದಲೇ ಅಮೆರಿಕ, ಆಸ್ಟ್ರೇಲಿಯಾ ಕಂಪನಿಗಳ ಲೆಕ್ಕ ಬರೆಯುವ ಕೆಲಸವೂ ಈಗ ಸಿಗುತ್ತೆ. ಸಂಬಳ ಒಳ್ಳೆಯದು, ಅಮೆರಿಕದ್ದಾದರೆ ಎಷ್ಟೋ ಸಲ ರಾತ್ರಿ ಪಾಳಿ. ಇಲ್ಲಿನ ತೆರಿಗೆ ಕಾನೂನು ಮರೆತುಹೋಗುತ್ತೆ ಅನ್ನುವುದು ನೆನಪಿರಲಿ.

ಹೆಣ್ಣುಮಕ್ಕಳಿಗೆ ಈ ಕೆಲಸ ಹೇಗೆ?

ಇಲ್ಲಿನ ಆಫೀಸುಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕಡೂರು, ಆಲ್ದೂರು, ಬೇಲೂರಿನಿಂದ ದಿನಾ ಬಂದು ಹೋಗುವವರು ಬಸ್ಸಿನ ದುಡ್ಡಿನ ಚಿಂತೆ ಮಾಡಬೇಕಿಲ್ಲ. ಚಿಂತೆ ಇರುವುದು ಕೊನೆಯ ಬಸ್ಸಿನದು. ಡ್ಯೂ ಡೇಟ್ ವಾರದಲ್ಲಿ ಎಂಟು ಗಂಟೆ ದಾಟಿದರೆ ಮನೆ ತಲುಪಿಸುವ ಹೊಣೆ ಆಫೀಸಿನದು. ಇದನ್ನು ಸೇರುವಾಗಲೇ ಮಾತಾಡಿಕೊಳ್ಳಿ. ದಯೆಯ ಹಾಗೆ ಕೇಳಬೇಡಿ, ಕೆಲಸದ ಷರತ್ತಿನ ಹಾಗೆ ಕೇಳಿ.

10 ಜನ ಇರುವ ಸಂಸ್ಥೆಯಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ಹೆರಿಗೆ ರಜೆ ಹಕ್ಕು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಚಿಕ್ಕ ಆಫೀಸುಗಳಲ್ಲಿ ಮದುವೆಯಾದ ಮೇಲೆ, ಮಗು ಆದ ಮೇಲೆ ಒಳ್ಳೊಳ್ಳೆ ಕೆಲಸಗಾರ್ತಿಯರು ಮರಳಿ ಬರುವುದಿಲ್ಲ. ಜಿಎಸ್‌ಟಿ, ಟಿಡಿಎಸ್ ಕೆಲಸ ಅರ್ಧ ದಿನ ಮನೆಯಿಂದ ಮಾಡಲು ಆಗುವಂಥದ್ದು. ಕೇಳಿ ನೋಡಿ, ಈಗ ಹಲವರು ಒಪ್ಪುತ್ತಾರೆ.

ಕಿರುಕುಳ ಆದರೆ ಸುಮ್ಮನಿರಬೇಡಿ. 2013ರ ಕಾನೂನಿನ ಪ್ರಕಾರ 10 ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಪಾರ್ಟಿ ಸುಳ್ಳು ಬಿಲ್ ಹಾಕು ಅಂದರೆ? ಬೇರೆಯವರ ಡಿಜಿಟಲ್ ಸಹಿ ನಾನೇ ಹಾಕಬಹುದಾ?

ಸುಳ್ಳು ಬಿಲ್ ಹಾಕಬೇಡಿ. "ಎಲ್ಲರೂ ಹಾಕ್ತಾರೆ" ಅನ್ನುವ ಮಾತಿಗೆ ಮಣಿಯಬೇಡಿ. ಆಡಿಟರ್‌ಗೆ ಹೇಳಿ, ಅವರು ಪಾರ್ಟಿ ಜೊತೆ ಮಾತಾಡಲಿ. ಕಂಪನಿಗಳ ಲೆಕ್ಕದಲ್ಲಿ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಕಡ್ಡಾಯ. ಯಾವ ಎಂಟ್ರಿಯನ್ನು ಯಾವಾಗ, ಯಾರ ಲಾಗಿನ್‌ನಿಂದ ತಿದ್ದಿದರು ಅಂತ ಅದರಲ್ಲಿ ಉಳಿದಿರುತ್ತೆ. ಆ ಲಾಗಿನ್ ನಿಮ್ಮದಾಗಿದ್ದರೆ ಉತ್ತರ ಕೊಡಬೇಕಾದವರೂ ನೀವೇ.

ಪಾರ್ಟಿಗಳ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಟೋಕನ್‌ಗಳನ್ನು ಡ್ರಾಯರ್ ತುಂಬ ಇಟ್ಟುಕೊಳ್ಳುವ ರೂಢಿ ಎಲ್ಲ ಕಡೆ ಇದೆ. ಆ ರೂಢಿ ಹೋಗಬೇಕು. ಕನಿಷ್ಠ, ಪ್ರತಿ ಸಲ ಬಳಸುವ ಮುಂಚೆ ಪಾರ್ಟಿಯಿಂದ ವಾಟ್ಸಾಪ್‌ನಲ್ಲಾದರೂ ಒಪ್ಪಿಗೆ ಬರೆಸಿಕೊಳ್ಳಿ. ಆಡಿಟರ್ ಸಹಿ ಮಾಡುವ ಪ್ರತಿ ಪ್ರಮಾಣಪತ್ರಕ್ಕೂ 18 ಅಂಕಿಯ ಯುಡಿಐಎನ್ (ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದಾದ ಗುರುತಿನ ಸಂಖ್ಯೆ) ಬೇಕು. ಬ್ಯಾಂಕಿನವರು ಅದನ್ನು ಹಾಕಿ ನೋಡಿದರೆ ಸತ್ಯ ತಿಳಿಯುತ್ತೆ.

ಇಂಗ್ಲಿಷ್ ಚೆನ್ನಾಗಿ ಬರಲ್ಲ, ಆಗುತ್ತಾ?

ಆಗುತ್ತೆ. ನೋಟಿಸ್ ಓದಿ ಅರ್ಥ ಮಾಡಿಕೊಳ್ಳುವಷ್ಟು, ಉತ್ತರ ಬರೆಯುವಷ್ಟು ಬೇಕು. ಅದು ದಿನಾ ಓದಿದರೆ ಬರುತ್ತೆ. ಪಾರ್ಟಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದು ಇನ್ನೂ ದೊಡ್ಡ ವಿದ್ಯೆ.

ಕಂಪ್ಯೂಟರೇ ಎಲ್ಲ ಮಾಡಿದರೆ ನಮಗೆ ಕೆಲಸ ಇರುತ್ತಾ?

ಎಂಟ್ರಿ ಕೆಲಸ ಕಡಿಮೆ ಆಗುತ್ತಿದೆ, ಅದು ಸತ್ಯ. ಬ್ಯಾಂಕ್ ಸ್ಟೇಟ್‌ಮೆಂಟ್ ನೇರವಾಗಿ ಟ್ಯಾಲಿಗೆ ಹೋಗುತ್ತೆ. ರಿಟರ್ನ್‌ನಲ್ಲಿ ಅರ್ಧ ಮಾಹಿತಿ ಮೊದಲೇ ತುಂಬಿರುತ್ತೆ. ಆದರೆ 2025ರ ಜುಲೈ ನೆನಪು ಮಾಡಿಕೊಳ್ಳಿ. ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ತರಕಾರಿ ಅಂಗಡಿಯವರು ಹೆದರಿ ಹೋದರು. ಇದರಲ್ಲಿ ಎಷ್ಟು ವ್ಯಾಪಾರ, ಎಷ್ಟು ಕೈಗಡ, ಎಷ್ಟು ತೆರಿಗೆ ಇಲ್ಲದ ಹಾಲು ತರಕಾರಿ ಅಂತ ಬಿಡಿಸಲು ಮನುಷ್ಯರೇ ಬೇಕಾಯಿತು.

ಈಗ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಇದೆ. 2026ರ ಏಪ್ರಿಲ್ 1ರಿಂದ ಜಾರಿ, 536 ಸೆಕ್ಷನ್‌ಗಳು. ಹಳೆಯ ವರ್ಷಗಳ ಪ್ರಕರಣಗಳು 1961ರ ಕಾಯ್ದೆಯಲ್ಲೇ ನಡೆಯುತ್ತವೆ. ಮೂವತ್ತು ವರ್ಷದ ಅನುಭವಿಗಳೂ ಹೊಸ ಸೆಕ್ಷನ್ ನಂಬರ್ ಹುಡುಕಬೇಕು, ಹೊಸಬರೂ ಹುಡುಕಬೇಕು. ಚಿಕ್ಕವರು ಸೀನಿಯರ್‌ಗಳ ಸಮಕ್ಕೆ ನಿಲ್ಲುವ ಇಂಥ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ. ಹಳೆಯ ಮತ್ತು ಹೊಸ ಸೆಕ್ಷನ್‌ಗಳ ಪಟ್ಟಿಯನ್ನು ಎದುರು ಇಟ್ಟುಕೊಂಡು ಈಗಲೇ ಓದಿ.

ಸಂದರ್ಶನದಲ್ಲಿ ನಾನು ಏನು ಕೇಳಬೇಕು?

ಎಷ್ಟು ಜನ ಸ್ಟಾಫ್ ಇದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ಎಲ್ಲರೂ ಆರು ತಿಂಗಳ ಹೊಸಬರೇ ಆಗಿದ್ದರೆ ಯೋಚನೆ ಮಾಡಿ. ಕೆಲಸ ಯಾರು ಕಲಿಸುತ್ತಾರೆ, ಆಡಿಟರ್ ಸ್ವತಃ ಫೈಲ್ ನೋಡಿ ತಪ್ಪು ಹೇಳುತ್ತಾರಾ? ಪರೀಕ್ಷೆಗೆ ಓದುವವರಾದರೆ ರಜೆ ಹೇಗೆ? ಆಗುವುದಾದರೆ ಸಂಜೆ ಹೊತ್ತು ಹೋಗಿ, ಅಲ್ಲಿ ಕೆಲಸ ಮಾಡುವವರ ಜೊತೆ ಒಂದು ಟೀ ಕುಡಿಯಿರಿ. ಬೇರೆಲ್ಲೂ ಸಿಗದ ಮಾಹಿತಿ ಅಲ್ಲಿ ಸಿಗುತ್ತೆ.

ಕೆಲಸ ಬಿಡುವಾಗ ಏನು ನೋಡಿಕೊಳ್ಳಬೇಕು?

ಡ್ಯೂ ಡೇಟ್‌ಗೆ ಮೊದಲಿನ ವಾರದಲ್ಲಿ ಬಿಡಬೇಡಿ. ಒಂದು ತಿಂಗಳು ಮುಂಚೆ ಬರೆದು ತಿಳಿಸಿ. ಯಾವ ಫೈಲ್ ಎಲ್ಲಿಗೆ ಬಂದಿದೆ, ಯಾವ ನೋಟಿಸಿಗೆ ಯಾವ ತಾರೀಖಿನೊಳಗೆ ಉತ್ತರ ಹೋಗಬೇಕು ಅಂತ ಪಟ್ಟಿ ಮಾಡಿ ಕೊಡಿ. ಟೋಕನ್, ಪಾಸ್‌ವರ್ಡ್, ಪಾರ್ಟಿ ಕಾಗದ ಎಲ್ಲ ಒಪ್ಪಿಸಿ ಸಹಿ ತಗೊಳ್ಳಿ. ನಿಮ್ಮ ಮೊಬೈಲಿನಲ್ಲಿರುವ ಪಾರ್ಟಿಗಳ ಪ್ಯಾನ್, ಆಧಾರ್ ಫೋಟೋಗಳನ್ನು ಅಳಿಸಿಹಾಕಿ. ಅನುಭವ ಪತ್ರದಲ್ಲಿ "ಕೆಲಸ ಮಾಡಿದ್ದಾರೆ" ಅಂತ ಒಂದೇ ಸಾಲು ಬೇಡ, ಯಾವ ಯಾವ ಬಗೆಯ ಕೆಲಸ ಅಂತ ಬರೆಸಿಕೊಳ್ಳಿ. ಟಿಡಿಎಸ್ ಹಿಡಿದಿದ್ದರೆ ಟಿಡಿಎಸ್ ಪ್ರಮಾಣಪತ್ರ (ಹಳೆಯ ಕಾಯ್ದೆಯಲ್ಲಿ ಫಾರ್ಮ್ 16) ಬೇಕು, ಪಿಎಫ್ ಇದ್ದರೆ ಯುಎಎನ್‌ನಲ್ಲಿ (ನಿಮ್ಮ ಪಿಎಫ್ ಸಂಖ್ಯೆ) ಬಿಟ್ಟ ತಾರೀಖು ದಾಖಲಾಗಬೇಕು. ಆರ್ಟಿಕಲ್‌ಗಳಾದರೆ ಅವಧಿ ಮುಗಿದಾಗ ಫಾರ್ಮ್ 108, ನಡುವೆ ಬಿಟ್ಟರೆ ಫಾರ್ಮ್ 109. ಇವುಗಳಿಗೆ ಸಹಿ ಆಗದೆ ಮುಂದಿನ ಹೆಜ್ಜೆ ಇಡಲು ಆಗುವುದಿಲ್ಲ. ಆದ್ದರಿಂದ ಹೊರಡುವ ದಿನವೇ ಆಡಿಟರ್ ಎದುರು ಕೂತು ಅದನ್ನು ಮುಗಿಸಿಕೊಂಡು ಬನ್ನಿ.